ಜೋಡಾಟ ಮುಗಿಯಿತು, ಇನ್ನು ಕೂಡಾಟ

ಯಕ್ಷಗಾನದ ಜೋಡಾಟ ನೋಡಿದವರಿಗೆ ಅದರ ಸುಖ ಗೊತ್ತು. ಒಂದೇ ಗದ್ದೆ, ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ. ಆಚೆಯ ಭಾಗವತರು ಸ್ವರ ಏರಿಸಿದರೆ ಈಚೆಯವರು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಆಚೆಯ ವೇಷ ಹಾರಿ ತಿರುಗುವ ಧೀಂಗಿಣ ಇಪ್ಪತ್ತು ಹಾಕಿದರೆ ಈಚೆಯದ್ದು ಮೂವತ್ತು. ಬೆಳಗಾಗುವಾಗ ಭಾಗವತರಿಗೆ ಸ್ವರ ಇಲ್ಲ, ವೇಷದವರಿಗೆ ಕಾಲಿಲ್ಲ. ನೋಡಲು ಕೂತ ನಮಗೆ ಮಾತ್ರ ಹಬ್ಬ. ಕುತ್ತಿಗೆ ಸ್ವಲ್ಪ ನೋಯುತ್ತದೆ, ಅಷ್ಟೇ.

ಕೂಡಾಟ ಬೇರೆ. ಎರಡೂ ಮೇಳದವರು ಸೇರಿ ಒಂದೇ ರಂಗಸ್ಥಳದಲ್ಲಿ ಕುಣಿಯುವುದು. ಪೋಸ್ಟರ್ ದೊಡ್ಡದು, ಹೆಸರುಗಳು ದಪ್ಪ ಅಕ್ಷರದಲ್ಲಿ. ಬಣ್ಣ ಹಚ್ಚುವ ಚೌಕಿಯಲ್ಲಿ ಮಾತ್ರ ಇಬ್ಬರು ಅರ್ಜುನರು ಒಂದೇ ಕಿರೀಟ ನೋಡುತ್ತಾ ಕೂತಿರುತ್ತಾರೆ.

ನನ್ನ ಗೆಳೆಯ ಶೆಟ್ರು ಇಪ್ಪತ್ತು ವರ್ಷ ಡೇರೆ ಮೇಳದಲ್ಲಿ ಟಿಕೆಟ್ ಹರಿದವರು. ಈಗ ಬೆಳಗ್ಗೆ ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಪೇಪರ್ ಓದುತ್ತಾರೆ. ಮೊನ್ನೆ ಅವರಿಗೆ ಸಿಕ್ಕಿದ್ದು ವಿಮಾನ ಕಂಪನಿಗಳ ವಿಲೀನದ ಸುದ್ದಿ.

“ಭಟ್ರೆ, ಈ ಸಿನರ್ಜಿ ಅಂದರೆ ಎಂತ?”

“ಎರಡು ಹೋಟೆಲ್ ಸೇರಿಸಿ, ಒಬ್ಬ ಅಡುಗೆಯವನನ್ನು ಮನೆಗೆ ಕಳಿಸಿ, ಊಟಕ್ಕೆ ಹತ್ತು ರೂಪಾಯಿ ಏರಿಸುವುದು” ಎಂದೆ.

ಶೆಟ್ರು ಸ್ವಲ್ಪ ಹೊತ್ತು ಯೋಚಿಸಿದರು. “ಹಾಗಾದರೆ ಜೋಡಾಟ ಬಿಟ್ಟು ಕೂಡಾಟ ಮಾಡುವುದು ಅನ್ನಿ. ಜೋಡಾಟದಲ್ಲಿ ಗೆಲ್ಲುವುದು ನೋಡುವವ. ಕೂಡಾಟದಲ್ಲಿ ಪೋಸ್ಟರ್ ಅಚ್ಚು ಹಾಕಿದವ.”

ಯಕ್ಷಗಾನದ ಕೂಡಾಟಕ್ಕೆ ಇದು ಅನ್ಯಾಯದ ಮಾತು, ಒಪ್ಪುತ್ತೇನೆ. ಅದು ಒಂದು ರಾತ್ರಿಯದ್ದು. ಬೆಳಗ್ಗೆ ಎರಡೂ ಮೇಳ ತಮ್ಮ ತಮ್ಮ ಲಾರಿ ಹತ್ತಿ ಹೋಗುತ್ತವೆ. ವಿಮಾನದವರ ಕೂಡಾಟಕ್ಕೆ ಬೆಳಗಾಗುವುದೇ ಇಲ್ಲ.

ವಿಲೀನದ ಬಗ್ಗೆ ಮಾತಾಡುವ ಅಧಿಕಾರ ಕರಾವಳಿಯವರಿಗೆ ಜಾಸ್ತಿಯೇ ಉಂಟು. ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ಎರಡೂ ಉಡುಪಿಯಲ್ಲೇ ಹುಟ್ಟಿದವು. 2020ರ ಏಪ್ರಿಲ್ 1ರಂದು ಒಂದು ಯೂನಿಯನ್ ಬ್ಯಾಂಕಿಗೆ, ಇನ್ನೊಂದು ಕೆನರಾ ಬ್ಯಾಂಕಿಗೆ. ಮೂರಕ್ಕೂ ಏಪ್ರಿಲ್ 1ನ್ನೇ ಯಾಕೆ ಆರಿಸಿದರು ಅಂತ ಕೇಳಬೇಡಿ. ಲೆಕ್ಕದ ವರ್ಷ ಶುರುವಾಗುವ ದಿನ ಅಂತ ಹೇಳುತ್ತಾರೆ. ನಾವು ನಂಬಿದ್ದೇವೆ.

ನಾನೂ ಬ್ಯಾಂಕಿನಲ್ಲೇ ಇದ್ದವ. ಒಂದು ಬ್ಯಾಂಕಿಗೆ ಸೇರಿ, ಕುರ್ಚಿ ಬದಲಿಸದೆ, ಇನ್ನೊಂದು ಬ್ಯಾಂಕಿನಿಂದ ನಿವೃತ್ತನಾದೆ. ಎದುರುಬದುರು ಇದ್ದ ಎರಡು ಶಾಖೆ ಒಂದಾದವು. ಒಂದು ಬಾಗಿಲಿಗೆ ಬೀಗ ಬಿತ್ತು, ಇನ್ನೊಂದರ ಕ್ಯೂ ರಸ್ತೆಗೆ ಬಂತು. ಪಾಸ್‌ಬುಕ್ ಹಿಡಿದು ಬಂದ ಅಜ್ಜಿಯೊಬ್ಬರು, “ನನ್ನ ಬ್ಯಾಂಕ್ ಎಲ್ಲಿ ಹೋಯಿತು ಮಗಾ?” ಎಂದರು. ನಾನು ಅಲ್ಲೇ ಇದ್ದೆ. ಬ್ಯಾಂಕ್ ಇರಲಿಲ್ಲ.

ಆಮೇಲೆ ಟೋಲ್ ಗೇಟಿನ ಕತೆ. ಸುರತ್ಕಲ್ ಟೋಲ್ ತೆಗೆಯಿರಿ ಅಂತ ವರ್ಷಗಟ್ಟಲೆ ಹೋರಾಟ ನಡೆಯಿತು. 2022ರ ಕೊನೆಗೆ ತೆಗೆದರು. ಹೇಗೆ? ಹೆಜಮಾಡಿ ಟೋಲಿನ ಜೊತೆ ವಿಲೀನ ಮಾಡಿ. ಗೇಟು ಒಂದು ಹೋಯಿತು ಅಂತ ಪಟಾಕಿ ತರಲು ಹೊರಟವರು ಆದೇಶ ಓದಿದರೆ, ಎರಡೂ ಕಡೆಯ ದುಡ್ಡು ಕೂಡಿಸಿ ಹೆಜಮಾಡಿಯಲ್ಲಿ ವಸೂಲು ಅಂತ ಇತ್ತು. ಮತ್ತೆ ಗಲಾಟೆ. ವಿಲೀನ ಎಂದರೆ ಏನು ಅಂತ ಇಷ್ಟು ಸರಳವಾಗಿ ಯಾವ ಎಂಬಿಎ ಕಾಲೇಜೂ ಹೇಳಿಕೊಡಲಾರದು.

ಈಗ ಆಕಾಶಕ್ಕೆ ಬರೋಣ.

ನಮ್ಮ ಕಡೆಯ ಮೊದಲ ದೊಡ್ಡ ಕೂಡಾಟ ನಿಮಗೆ ನೆನಪಿರಬಹುದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಬಸ್ಸಿನಲ್ಲಿ ಹೋಗುವವ ವಿಮಾನ ಹತ್ತಬೇಕು ಎಂಬುದು ಅವರ ಲೆಕ್ಕ. ಬಂಟ್ವಾಳ ಮೂಲದ ವಿಜಯ್ ಮಲ್ಯ 2005ರಲ್ಲಿ ಕಿಂಗ್‌ಫಿಷರ್ ಹಾರಿಸಿದರು. ವಿಮಾನ ಹತ್ತಿದವ ತಾನು ಬಸ್ಸಿನವ ಅಂತ ಮರೆಯಬೇಕು ಎಂಬುದು ಇವರ ಲೆಕ್ಕ. ಒಬ್ಬರದ್ದು ಗಂಜಿ ಊಟ, ಇನ್ನೊಬ್ಬರದ್ದು ಮದುವೆ ಊಟ. ಎರಡನ್ನೂ ಒಂದೇ ಎಲೆಗೆ ಬಡಿಸಿದರು.

ಯಾಕೆ? ವಿದೇಶಕ್ಕೆ ಹಾರಬೇಕಾದರೆ ಐದು ವರ್ಷ ದೇಶದೊಳಗೆ ಹಾರಿರಬೇಕು, ಇಪ್ಪತ್ತು ವಿಮಾನ ಇರಬೇಕು ಅಂತ ಆಗ ಒಂದು ನಿಯಮ ಇತ್ತು. ಕಿಂಗ್‌ಫಿಷರ್‌ಗೆ ಪ್ರಾಯ ಸಾಲದು. ಡೆಕ್ಕನ್‌ಗೆ 2008ರಲ್ಲಿ ಐದು ತುಂಬುತ್ತದೆ. ಅಣ್ಣನ ಜಾತಕ ಕೊಟ್ಟು ತಮ್ಮನಿಗೆ ಮದುವೆ ಮಾಡಿದ ಹಾಗೆ, 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ವಿಮಾನ ಹೊರಟಿತು. 2012ರಲ್ಲಿ ಕಂಪನಿಯೇ ನಿಂತಿತು. ಯಜಮಾನರು 2016ರಲ್ಲಿ ಲಂಡನ್‌ಗೆ ಹೋದರು. ಲಂಡನ್ ಮುಟ್ಟಬೇಕು ಎಂಬ ಆಸೆಯಂತೂ ಈಡೇರಿತು.

ಸರಕಾರ ಸುಮ್ನೆ ಇರುತ್ತದೆಯೇ? 2007ರಲ್ಲಿ ಏರ್ ಇಂಡಿಯಾವನ್ನೂ ಇಂಡಿಯನ್ ಏರ್‌ಲೈನ್ಸನ್ನೂ ಸೇರಿಸಿತು. ಯಕ್ಷಗಾನದ ಎರಡು ಶೈಲಿಗಳ ಹಾಗೆ, ಒಂದು ತೆಂಕು, ಒಂದು ಬಡಗು. ತೆಂಕಿನ ಚೆಂಡೆಗೆ ಬಡಗಿನ ಹೆಜ್ಜೆ ಹಾಕು ಎಂದರೆ ಕಲಾವಿದನಾದರೂ ಪ್ರಯತ್ನ ಮಾಡುತ್ತಾನೆ. ಇಲ್ಲಿ ಮೊದಲು ಮಾಡಿದ ಕೆಲಸ ಲಾಂಛನ. ಕೆಂಪು ಹಂಸದ ಹೊಟ್ಟೆಯೊಳಗೆ ಕೊನಾರ್ಕದ ಚಕ್ರ. ನೋಡಲು ಚಂದವೇ. ಆದರೆ ವಿಮಾನದ ನಂಬರಿನ ಮುಂದೆ ಬರೆಯುವ ಎರಡು ಕೋಡ್ ಒಂದಾದದ್ದು 2011ರಲ್ಲಿ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಒಂದೇ ಮನೆಯ ವಿಳಾಸ ಬರೆಯಲು ಶುರು ಮಾಡಿದರು.

ಅಷ್ಟರಲ್ಲಿ ಡ್ರೀಮ್‌ಲೈನರ್ ಬರುವುದಿತ್ತು. ಹೊಸ ವಿಮಾನದ ತರಬೇತಿ ಯಾರಿಗೆ? ನಮಗೆ ಎಂದರು ಹಳೇ ಏರ್ ಇಂಡಿಯಾದವರು. ನಮಗೂ ಎಂದರು ಹಳೇ ಇಂಡಿಯನ್ ಏರ್‌ಲೈನ್ಸಿನವರು. 2012ರಲ್ಲಿ ಏರ್ ಇಂಡಿಯಾ ಕಡೆಯ ಪೈಲಟ್‌ಗಳು 58 ದಿನ ಮುಷ್ಕರ ಮಾಡಿದರು. ಇಬ್ಬರು ಅರ್ಜುನರು, ಒಂದು ಕಿರೀಟ ಅಂತ ನಾನು ಆಗಲೇ ಹೇಳಲಿಲ್ವಾ? ವ್ಯತ್ಯಾಸ ಒಂದೇ. ನಮ್ಮ ಚೌಕಿಯಲ್ಲಾದರೆ ಮೇಳದ ಯಜಮಾನ ಬಂದು ಎರಡು ಬೈದು, ಒಬ್ಬನನ್ನು ಕೃಷ್ಣ ಮಾಡಿ, ಐದು ನಿಮಿಷದಲ್ಲಿ ಮುಗಿಸುತ್ತಾನೆ. ಇಲ್ಲಿ ಯಜಮಾನ ಎಂದರೆ ಇಲಾಖೆ. ಇಲಾಖೆ ಸಮಿತಿ ಮಾಡಿತು.

ಈ ಸೀನಿಯಾರಿಟಿ ರೋಗ ನಮ್ಮ ದೇಶದ್ದು ಮಾತ್ರ ಅಂತ ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದಲ್ಲಿ 2005ರಲ್ಲಿ ಅಮೆರಿಕ ವೆಸ್ಟ್ ಮತ್ತು ಯುಎಸ್ ಏರ್‌ವೇಸ್ ಒಂದಾದವು. ಯಾರು ಹಿರಿಯರು ಎಂಬ ಜಗಳ ಕೋರ್ಟು ಹತ್ತಿ ಸುಮಾರು ಹತ್ತು ವರ್ಷ ನಡೆಯಿತು. ಅಷ್ಟೂ ವರ್ಷ ಕಂಪನಿ ಒಂದೇ, ಬಣ್ಣ ಒಂದೇ. ಆದರೆ ಪೂರ್ವದ ಪೈಲಟ್ ಪಶ್ಚಿಮದವನ ಪಕ್ಕ ಕೂತು ಹಾರಿಸುತ್ತಿರಲಿಲ್ಲ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಎರಡು ಒಲೆ ಹಾಕಿದ ಹಾಗೆ. ಅದು ಮುಗಿಯುವ ಮೊದಲೇ, 2013ರಲ್ಲಿ, ಆ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಇನ್ನೊಂದು ಮದುವೆಯನ್ನೂ ಆಯಿತು.

ಇದೆಲ್ಲ ಒಂದೇ ದೇಶದೊಳಗಿನ ಸಂಸಾರ. ದೇಶ ದಾಟಿದ ಮೇಲೆ ಅಸಲು ಮಜಾ.

ವಿಮಾನಕ್ಕೂ ನಮ್ಮ ಬಸ್ಸಿನ ಹಾಗೆ ಪರ್ಮಿಟ್ ಉಂಟು. ಎರಡು ದೇಶಗಳು ಕೂತು, ನಿಮ್ಮ ಕಂಪನಿ ನಮ್ಮ ಇಂತಿಂಥ ಊರಿಗೆ, ವಾರಕ್ಕೆ ಇಷ್ಟು ಸೀಟು ಅಂತ ಬರೆದುಕೊಳ್ಳುತ್ತವೆ. ಕಂಪನಿ ಆ ದೇಶದವರದ್ದೇ ಆಗಿರಬೇಕು ಎಂಬುದು ಸಾಮಾನ್ಯ ಷರತ್ತು. ಮಾಲೀಕ ಬದಲಾದರೆ ಪರ್ಮಿಟ್‌ಗೆ ಕುತ್ತು. ಅಮೆರಿಕದಲ್ಲಿ ವಿದೇಶಿಯರ ಮತ ಶೇ. 25 ಮೀರುವ ಹಾಗಿಲ್ಲ. ಯುರೋಪಿನಲ್ಲಿ ಹೊರಗಿನವರು ಅರ್ಧಕ್ಕಿಂತ ಕೆಳಗೆ ಇರಬೇಕು. ಹಾಗಾಗಿ ಬೇರೆ ಬೇರೆ ದೇಶದ ಕಂಪನಿಗಳು ಮದುವೆಯಾಗಬಹುದು, ಆದರೆ ರೇಷನ್ ಕಾರ್ಡಿನಲ್ಲಿ ಒಟ್ಟಿಗೆ ಹೆಸರು ಬರೆಸುವ ಹಾಗಿಲ್ಲ.

ಈ ತೊಡಕು ದೆಹಲಿಯವರಿಗೆ ಅರ್ಥವಾಗಲು ಕಷ್ಟ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟು ಗೊತ್ತಿರುವ ತುಳುನಾಡಿನವರಿಗೆ ಸುಲಭ. ಮದುವೆ ಆಗಿದೆ, ಮಕ್ಕಳೂ ಆಗಿವೆ. ಆದರೆ ಹೆಣ್ಣಿನ ಆಸ್ತಿ ಹೆಣ್ಣಿನ ಕುಟುಂಬದ್ದು, ಗಂಡಿನದ್ದು ಗಂಡಿನ ಕುಟುಂಬದ್ದು. ಏರ್ ಫ್ರಾನ್ಸ್ ಮತ್ತು ನೆದರ್ಲೆಂಡ್ಸಿನ ಕೆಎಲ್‌ಎಂ 2004ರಲ್ಲಿ ಆದದ್ದು ಇದೇ ಮದುವೆ. ಮೇಲೆ ಒಂದು ಕಂಪನಿ, ಕೆಳಗೆ ಎರಡು ಮನೆ. ಕೆಎಲ್‌ಎಂ ನೀಲಿ ಬಣ್ಣ ಬಿಡಲಿಲ್ಲ, ಆಮ್‌ಸ್ಟರ್‌ಡ್ಯಾಂ ಬಿಡಲಿಲ್ಲ. ಹದಿನೈದು ವರ್ಷ ಹೀಗೇ ನಡೆಯಿತು. 2019ರ ಫೆಬ್ರವರಿಯಲ್ಲಿ ಹೆಣ್ಣಿನ ಕಡೆಯ ಸರಕಾರಕ್ಕೆ ಸಂಶಯ ಬಂತು. ಗಂಡಿನ ಕಡೆಯವರು ಎಲ್ಲ ಪ್ಯಾರಿಸ್‌ಗೇ ಎಳೆಯುತ್ತಾರೆ ಅಂತ. ಸದ್ದಿಲ್ಲದೆ ಸುಮಾರು 74 ಕೋಟಿ ಯೂರೋ ಸುರಿದು, ಒಟ್ಟು ಕಂಪನಿಯ ಶೇ. 14ರಷ್ಟು ಷೇರು ಕೊಂಡಿತು. ಫ್ರಾನ್ಸ್ ಸರಕಾರದ ಪಾಲಿಗೆ ಹೆಚ್ಚುಕಡಿಮೆ ಸಮ. ಪ್ಯಾರಿಸ್‌ನವರಿಗೆ ವಿಷಯ ತಿಳಿದಾಗ, ಬೀಗರು ರಾತ್ರೋರಾತ್ರಿ ಪಕ್ಕದ ಗದ್ದೆ ರಿಜಿಸ್ಟರ್ ಮಾಡಿಸಿಕೊಂಡರು ಎಂದು ಕೇಳಿದ ಮಾವನ ಮುಖ ಹೇಗಿರುತ್ತದೋ ಹಾಗೆ.

ಅಬುಧಾಬಿಯ ಎತಿಹಾದ್ ಕತೆ ಇನ್ನೂ ಸ್ವಾರಸ್ಯ. ಅವರು ಮದುವೆಯಾಗಲಿಲ್ಲ, ಊರೆಲ್ಲ ಬೀಗತನ ಮಾಡಿದರು. ಜರ್ಮನಿಯ ಏರ್ ಬರ್ಲಿನ್‌ನಲ್ಲಿ ಪಾಲು. 2013ರಲ್ಲಿ ನಮ್ಮ ಜೆಟ್ ಏರ್‌ವೇಸ್‌ನಲ್ಲಿ ಶೇ. 24. ಆಮೇಲೆ ಇಟಲಿಯ ಅಲಿಟಾಲಿಯಾದಲ್ಲಿ ಶೇ. 49. ಏರ್ ಬರ್ಲಿನ್ 2017ರಲ್ಲಿ ಹೋಯಿತು. ಜೆಟ್ 2019ರಲ್ಲಿ. ಅಲಿಟಾಲಿಯಾ 2021ರಲ್ಲಿ. ಶೆಟ್ರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಸಂಬಂಧ ನೋಡಿಕೊಟ್ಟ ಬ್ರೋಕರ್ ಯಾರು ಮಾರಾಯ್ರೆ? ಅವನ ಕಮಿಷನ್ ಬಂದಿರಬೇಕಲ್ಲ?”

ಬಂದಿರುತ್ತದೆ. ಕೂಡಾಟದಲ್ಲಿ ಪೋಸ್ಟರಿನವನಿಗೆ ಮೊದಲೇ ಅಡ್ವಾನ್ಸ್.

ಅದೆಲ್ಲ ಬಿಡಿ, ಮತ್ತೂ ಯಾಕೆ ಮದುವೆಯಾಗುತ್ತಾರೆ ಎಂದರೆ, ಒಬ್ಬನೇ ಬದುಕುವುದು ನಿಜಕ್ಕೂ ಕಷ್ಟ. ಎಣ್ಣೆ ಡಾಲರಿನಲ್ಲಿ, ವಿಮಾನದ ಬಾಡಿಗೆ ಡಾಲರಿನಲ್ಲಿ, ನಮ್ಮ ಟಿಕೆಟ್ ರೂಪಾಯಿಯಲ್ಲಿ. ಸಣ್ಣವರು ಸಾಯುತ್ತಾರೆ. ಇನ್ನೊಂದು, ಟೈಮಿಂಗ್ಸ್. ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ ಎಂಟು ಗಂಟೆಗೆ ಹೊರಡುವ ಟೈಮಿಂಗಿಗೆ ಬಸ್ಸಿಗಿಂತ ಜಾಸ್ತಿ ಬೆಲೆ. ಲಂಡನ್ನಿನ ಹೀಥ್ರೂವಿನಲ್ಲೂ ಹಾಗೆಯೇ, ಅದನ್ನು ಸ್ಲಾಟ್ ಎನ್ನುತ್ತಾರೆ. 2016ರಲ್ಲಿ ಒಮಾನ್ ಏರ್ ಒಂದು ಜೊತೆ ಸ್ಲಾಟಿಗೆ 7.5 ಕೋಟಿ ಡಾಲರ್ ಕೊಟ್ಟಿತು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಒಮ್ಮೆ ಇಳಿಯುವುದಕ್ಕೆ, ಒಮ್ಮೆ ಏರುವುದಕ್ಕೆ. 2012ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಡೆತನದ ಗುಂಪು ನಷ್ಟದಲ್ಲಿದ್ದ ಬಿಎಂಐ ಕಂಪನಿಯನ್ನು ಕೊಂಡದ್ದೂ ಅದರ ಸ್ಲಾಟ್ ನೋಡಿಯೇ. ಹುಡುಗಿ ಹೇಗಾದರೂ ಇರಲಿ, ಬಾವಿ ಇರುವ ಜಾಗ ಅವಳ ಹೆಸರಿನಲ್ಲಿ ಉಂಟಲ್ಲ!

ಒಪ್ಪಿಗೆ ಪತ್ರಗಳ ಕತೆ ಹೇಳದಿದ್ದರೆ ಪಂಚಾಯತ್ ಆಫೀಸಿಗೆ ಅಲೆದವರು ಮುನಿಸಿಕೊಳ್ಳುತ್ತಾರೆ. ಕೊರಿಯನ್ ಏರ್ ತನ್ನ ಊರಿನದ್ದೇ ಆದ ಏಷಿಯಾನಾವನ್ನು ಕೊಳ್ಳುತ್ತೇನೆ ಎಂದದ್ದು 2020ರ ನವೆಂಬರಿನಲ್ಲಿ. ಕೊಂಡು ಮುಗಿದದ್ದು 2024ರ ಡಿಸೆಂಬರಿನಲ್ಲಿ. ನಡುವೆ ಸ್ವಂತ ದೇಶವೂ ಸೇರಿ 14 ಕಡೆಯ ಎನ್‌ಒಸಿ. ಯುರೋಪ್ ಹೇಳಿತು, ಸರಕು ಸಾಗಣೆ ಮಾರು, ನಾಲ್ಕು ಊರಿನ ದಾರಿ ಬೇರೆಯವರಿಗೆ ಬಿಟ್ಟುಕೊಡು. ಆಸ್ತಿಗಾಗಿ ಮದುವೆ, ಮದುವೆಗಾಗಿ ಆಸ್ತಿ ಮಾರಾಟ! ಎಲ್ಲ ಆದ ಮೇಲೆ ಗ್ರಾಹಕರ ಮೈಲೇಜ್ ಪಾಯಿಂಟ್ ಎಷ್ಟಕ್ಕೆ ಎಷ್ಟು ಅಂತ ಲೆಕ್ಕ ಕೊಟ್ಟರೆ, ಅಲ್ಲಿನ ಸ್ಪರ್ಧಾ ಆಯೋಗ ಸರಿಯಿಲ್ಲ ಅಂತ 2025ರಲ್ಲಿ ವಾಪಸು ಕಳಿಸಿತು.

ಇಷ್ಟೆಲ್ಲ ಲೋಕದ ಮದುವೆಗಳ ನಡುವೆ ನಮ್ಮ ಮಂಗಳೂರು ಎಲ್ಲಿದೆ? ಕೆಂಜಾರಿನ ಗುಡ್ಡದ ಮೇಲೆ, ಬಾಗಿಲಲ್ಲಿ ನಿಂತು ನೋಡುತ್ತಾ ಇದೆ. 1951ರ ಡಿಸೆಂಬರ್ 25ರಂದು ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದ ನಿಲ್ದಾಣ. ಇಂದು ಹೆಸರಿನಲ್ಲಿ ಅಂತಾರಾಷ್ಟ್ರೀಯ ಎಂಬ ಪದ ಉಂಟು. ಬೋರ್ಡು ಉಂಟು, ಕಸ್ಟಮ್ಸ್ ಉಂಟು, ಇಮಿಗ್ರೇಷನ್ ಉಂಟು. ವಿದೇಶಿ ಕಂಪನಿಯ ವಿಮಾನ ಮಾತ್ರ ಇಳಿಯುವ ಹಾಗಿಲ್ಲ. ದೇಶದೇಶಗಳ ಒಪ್ಪಂದದ ಪಟ್ಟಿಯಲ್ಲಿ ನಮ್ಮ ಊರಿನ ಹೆಸರಿಲ್ಲ. ದುಬೈಗೆ, ಅಬುಧಾಬಿಗೆ ಹೋಗುವುದೆಲ್ಲ ನಮ್ಮ ದೇಶದ ಕಂಪನಿಗಳೇ. ನೆಂಟರನ್ನು ಕರೆಯುವ ಹಾಗಿಲ್ಲದ ಮನೆಗೆ ‘ಅತಿಥಿ ಗೃಹ’ ಅಂತ ಹೆಸರಿಟ್ಟ ಹಾಗೆ.

ಜೋಡಾಟಕ್ಕೆ ಹೊರಗಿನ ಮೇಳ ಬಿಡುವುದಿಲ್ಲ. ಒಳಗಿನ ಮೇಳಗಳು ಕೂಡಾಟಕ್ಕೆ ಹೊರಟಿವೆ. ದೇಶದೊಳಗೆ ಹಾರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಈಗ ಎರಡೇ ಗುಂಪಿನ ವಿಮಾನದಲ್ಲಿ ಕೂರುತ್ತಾರೆ. 2022ರ ಜನವರಿಯಲ್ಲಿ ಟಾಟಾದವರು ಏರ್ ಇಂಡಿಯಾವನ್ನು ಕೊಂಡ ಮೇಲೆ ಅವರ ಮನೆಯಲ್ಲಿ ನಾಲ್ಕು ವಿಮಾನ ಕಂಪನಿ ಆದವು. ನಾಲ್ಕನ್ನು ಎರಡು ಮಾಡಿದರು. 2024ರ ಅಕ್ಟೋಬರ್ 1ಕ್ಕೆ ಹಳೇ ಏರ್ ಏಷ್ಯಾ ಇಂಡಿಯಾ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ. ನವೆಂಬರ್ 12ಕ್ಕೆ ವಿಸ್ತಾರ ಏರ್ ಇಂಡಿಯಾದೊಳಗೆ. ವಿಸ್ತಾರದಲ್ಲಿ ಪಾಲಿದ್ದ ಸಿಂಗಾಪುರದವರಿಗೆ ಏರ್ ಇಂಡಿಯಾದಲ್ಲಿ ಶೇ. 25.1.

ಮುಹೂರ್ತಕ್ಕೆ ಮೊದಲೇ ಚೌಕಿಯಲ್ಲಿ ಶಬ್ದ ಕೇಳಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ವಿಸ್ತಾರದ ಪೈಲಟ್‌ಗಳಿಗೆ ಕಾಯಿಲೆ. ಮೇ ತಿಂಗಳಲ್ಲಿ ಎಕ್ಸ್‌ಪ್ರೆಸ್‌ನ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಗೆ ಒಂದೇ ರಾತ್ರಿ ಕಾಯಿಲೆ. ಡೆಂಗಿಗೂ ಇಷ್ಟು ವೇಗ ಇಲ್ಲ. ವೈದ್ಯರು ಈ ರೋಗಕ್ಕೆ ಏನೆನ್ನುತ್ತಾರೋ, ಬ್ಯಾಂಕಿನ ಯೂನಿಯನ್‌ನಲ್ಲಿ ಇದ್ದ ನನಗೆ ಲಕ್ಷಣ ಗೊತ್ತು. ಸಂಬಳದ ಹೊಸ ಪಟ್ಟಿ ಓದಿದ ಮೇಲೆ ಬರುವ ಜ್ವರ ಅದು.

ವಿಸ್ತಾರ ಹೋದ ಮೇಲೆ ಅದರ ವಿಮಾನಗಳಿಗೆ ಎಐ ಎಂಬ ಕೋಡಿನ ಮುಂದೆ 2ರಿಂದ ಶುರುವಾಗುವ ನಂಬರ್ ಕೊಟ್ಟರು. ಹಳೇ ವಿಮಾನ, ಹಳೇ ಸಿಬ್ಬಂದಿ ಅಂತ ಜನ ಗುರುತು ಹಿಡಿಯಲಿ ಎಂದು. ಗಮನಿಸಿ, ವಿಲೀನದ ಮೊದಲ ಸೇವೆ ಎಂದರೆ ವಿಲೀನ ಆಗದ್ದನ್ನು ಹುಡುಕಲು ಒಂದು ಗುರುತು! ಅಬುಧಾಬಿಯಲ್ಲಿರುವ ನನ್ನ ಭಾವ ಆಗ ಡೆಲ್ಲಿಗೆ ಹೋಗುವಾಗೆಲ್ಲ ಲಾಟರಿ ನೋಡುವವನ ಹಾಗೆ ನಂಬರ್ ನೋಡುತ್ತಿದ್ದ. “ಎರಡು ಬಂತು ಭಾವ, ಎರಡು ಬಂತು!”

ನನಗೂ ಒಂದು ಅನುಭವ ಆಗಿದೆ. ಕಂಪನಿಗಳ ಹೆಸರು ಬೇಡ. ಮಗಳು ಯುರೋಪಿನಲ್ಲಿದ್ದಾಳೆ. ಟಿಕೆಟ್ ಕೊಟ್ಟದ್ದು ಒಂದು ಕಂಪನಿ, ಹಾರಿಸಿದ್ದು ಇನ್ನೊಂದು, ಬ್ಯಾಗು ಇಳಿಸಿದ್ದು ಮೂರನೆಯದು. ಇದಕ್ಕೆ ಕೋಡ್‌ಶೇರ್ ಎನ್ನುತ್ತಾರಂತೆ, ಮದುವೆಗೆ ಮೊದಲಿನ ಓಡಾಟ. ಬ್ಯಾಗಿನಲ್ಲಿ ಐದು ಕಿಲೋ ಕುಚಲಕ್ಕಿ, ಎರಡು ಕಟ್ಟು ಹಲಸಿನ ಹಪ್ಪಳ. ಬೆಲ್ಟಿನಲ್ಲಿ ಬ್ಯಾಗು ಬರಲಿಲ್ಲ. ಟಿಕೆಟಿನವರು ಹಾರಿಸಿದವರನ್ನು ಕೇಳಿ ಎಂದರು. ಹಾರಿಸಿದವರು ಇಳಿಸಿದವರನ್ನು ತೋರಿಸಿದರು. ಇಳಿಸಿದವರು ಟಿಕೆಟ್ ಎಲ್ಲಿ ತೆಗೆದದ್ದು ಎಂದರು. ದುಡ್ಡು ತೆಗೆದುಕೊಳ್ಳುವಾಗ ಮೂವರೂ ಒಂದೇ ಕುಟುಂಬ. ಅಕ್ಕಿ ಕೇಳುವಾಗ ಮೂವರಿಗೂ ಸೂತಕ. ಒಂಬತ್ತು ದಿನ ಕಳೆದು ಬ್ಯಾಗು ಬಂತು. ಹಪ್ಪಳ ಪುಡಿಯಾಗಿತ್ತು. ಅಕ್ಕಿ ಸರಿಯಿತ್ತು. ಕುಚಲಕ್ಕಿಗೆ ಏನೂ ಆಗುವುದಿಲ್ಲ ಮಾರಾಯ್ರೆ.

ಇಷ್ಟು ಮಾತಾಡಿ ಗೋಳಿಬಜೆ ದುಡ್ಡು ಕೊಟ್ಟು ಬಸ್ ಸ್ಟ್ಯಾಂಡಿಗೆ ಬಂದೆ. ಮಂಗಳೂರಿಗೆ ಹೋಗುವುದಿತ್ತು. ಎರಡು ಎಕ್ಸ್‌ಪ್ರೆಸ್ ಬಸ್ಸು ನಿಂತಿದ್ದವು, ಎರಡು ಬೇರೆ ಬೇರೆ ಯಜಮಾನರದ್ದು. ಹೊರಡುವುದರಲ್ಲಿ ಕೆಲವೇ ನಿಮಿಷದ ವ್ಯತ್ಯಾಸ. ಇಲ್ಲಿ ಯಾವತ್ತೂ ಜೋಡಾಟವೇ. ಹೋದ ತಿಂಗಳು ಬಂದಿದ್ದಾಗ ಒಬ್ಬ ಕಂಡಕ್ಟರ್ ನನ್ನ ಚೀಲ ಕಿತ್ತುಕೊಂಡಿದ್ದ, ಇನ್ನೊಬ್ಬ ಕೈ ಹಿಡಿದು ಎಳೆದಿದ್ದ. “ಕುಡ್ಲ ಕುಡ್ಲ ಕುಡ್ಲ! ಬನ್ನಿ ಬನ್ನಿ, ಕಿಟಕಿ ಸೀಟು ಉಂಟು” ಅಂತ ಇವನು. “ಆ ಬಸ್ಸು ಮುಲ್ಕಿಯಲ್ಲಿ ಅರ್ಧ ಗಂಟೆ ನಿಲ್ಲುತ್ತದೆ” ಅಂತ ಅವನು. ಚೀಲ ಒಂದು ಬಸ್ಸಿನಲ್ಲಿ, ನಾನು ಇನ್ನೊಂದರಲ್ಲಿ ಆಗಿ, ಕಟಪಾಡಿಯವರೆಗೆ ಎರಡೂ ಬಸ್ಸು ಜೊತೆಯಾಗಿ ಓಡಿದ್ದವು. ಜೀವ ಬಾಯಿಗೆ ಬಂದಿತ್ತು, ನಿಜ. ಆದರೆ ನಿವೃತ್ತಿಯಾದ ಮೇಲೆ ಇಬ್ಬರು ಒಟ್ಟಿಗೆ ನನಗಾಗಿ ಜಗಳವಾಡಿದ್ದು ಅದೇ ಮೊದಲು.

ಇವತ್ತು ಯಾರೂ ಎಳೆಯಲಿಲ್ಲ. ಇಬ್ಬರು ಕಂಡಕ್ಟರುಗಳೂ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಮೊಬೈಲು ನೋಡುತ್ತಿದ್ದರು. ನಾನು ಚೀಲ ಸ್ವಲ್ಪ ಮುಂದೆ ಹಿಡಿದು ನಿಂತೆ, ಕಿತ್ತುಕೊಳ್ಳಲು ಸುಲಭವಾಗಲಿ ಅಂತ. ಇಲ್ಲ. ಕೊನೆಗೆ ನಾನೇ ಕೇಳಿದೆ, ಮೊದಲು ಯಾವುದು ಹೊರಡುತ್ತದೆ?

ಒಬ್ಬ ಕತ್ತೆತ್ತದೆ ಹೇಳಿದ. “ಯಾವುದಾದರೂ ಹತ್ತಿ ಭಟ್ರೆ, ಅವಸರ ಎಂತ? ಒಂದನೇ ತಾರೀಕಿನಿಂದ ಎರಡೂ ನಮ್ಮದೇ.”